ಕನ್ನಡ ನೋಟ್ಸ್ ಅಪ್‌ಲೋಡ್ ಮಾಡುವ ಮುಂಚೆ ಒಂದು ಚೆಕ್

ಆನ್‌ಲೈನ್ ಕೋರ್ಸ್‌ಗೆ ನೋಟ್ಸ್ ಹಾಕುವ ಮೇಷ್ಟ್ರೇ, ಮೇಡಂ, ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂತಾ? ಹಾಗಾದರೆ ಬಹುಶಃ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ಕೊಟ್ಟ ಫಾಂಟ್) ಇದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್‌ಗಳು (ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳು) ಓದಿ ಹೇಳುವುದೂ ಅದನ್ನೇ. ಇಡೀ ಪಾಠ ಕೈತಪ್ಪಿ ಹೋಗುತ್ತದೆ, ಅಲ್ವಾ?

ಮೂಲ ವರ್ಡ್ ಫೈಲನ್ನು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ವ್ಯವಸ್ಥೆಗೆ, ಬದಲಾಯಿಸಿ. ಒತ್ತಕ್ಷರಗಳು ಕೆಟ್ಟಿವೆಯಾ ಅಂತ ಒಮ್ಮೆ ಓದಿ. ಶೀರ್ಷಿಕೆಯನ್ನು ಸುಮ್ನೆ ಬೋಲ್ಡ್ ಮಾಡಿದರೆ ಸಾಲದು, ಹೆಡಿಂಗ್ ಸ್ಟೈಲ್ ಕೊಡಿ. ಆಗ ಸ್ಕ್ರೀನ್ ರೀಡರ್ ಬಳಸುವ ವಿದ್ಯಾರ್ಥಿಗಳು ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು. ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲಿ ಏನಿದೆ ಎಂಬ ಕಿರು ವಿವರಣೆ) ಬರೆಯಿರಿ.

ಪಿಡಿಎಫ್‌ನಲ್ಲಿ ಸಾಲು ಸೆಲೆಕ್ಟೇ ಆಗದಿದ್ದರೆ ಅದು ಬಹುಶಃ ಬರೀ ಸ್ಕ್ಯಾನ್ ಚಿತ್ರ. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಸಿಗುತ್ತದೆ. ತಪ್ಪು ಮಾತ್ರ ನೀವೇ ತಿದ್ದಬೇಕು.