ಹಳೇ ಬಲೂನ್ ಟ್ರ್ಯಾಕರ್ ಮುಚ್ಚಿದ್ದು: ನನ್ನ ಅನುಭವ

ಹವ್ಯಾಸಕ್ಕೆ ಬಹಳ ಎತ್ತರಕ್ಕೆ ಹಾರಿಸುವ ಬಲೂನ್‌ಗಳು ಎಲ್ಲಿವೆ ಅಂತ ನಕ್ಷೆಯಲ್ಲಿ ತೋರಿಸುತ್ತಿದ್ದ ನಮ್ಮ ಹಳೇ ಟ್ರ್ಯಾಕಿಂಗ್ ಸರ್ವರನ್ನು ಹೋದ ತಿಂಗಳು ಆಫ್ ಮಾಡಿದೆ. ಹನ್ನೊಂದು ವರ್ಷ ಓಡಿದ ಸರ್ವರ್ ಅದು. ಆಫ್ ಮಾಡುವ ಹೊತ್ತಿಗೆ ಎರಡು ಬಲೂನ್ ಗಾಳಿಯಲ್ಲಿದ್ದವು. ಒಂದು ಸುಮಾರು 24 ಕಿಲೋಮೀಟರ್ ಎತ್ತರದಲ್ಲಿತ್ತು, ಇನ್ನೊಂದು ಆಗ ತಾನೇ ಬಿಟ್ಟದ್ದು. ಎರಡೂ ಹೊಸ ಸರ್ವರಿನ ನಕ್ಷೆಯಲ್ಲಿ ಓಡುತ್ತಲೇ ಇದ್ದವು. ಸರ್ವರ್ ಆಫ್ ಆಗಿದೆ ಅಂತ ಹಾರಿಸಿದವರಿಗೆ ಸಂಜೆ ನಾನೇ ಹೇಳಬೇಕಾಯಿತು.

ಇಲ್ಲಿಗೆ ಬರೋಕೆ ಹದಿನಾಲ್ಕು ತಿಂಗಳು ಹಿಡಿಯಿತು. "ಒಂದು ತಾರೀಖು ಹಾಕಿ ಮುಚ್ಚಿಬಿಡು, ಬೇಕಾದವರು ತಾವೇ ಹೊಸ ಕಡೆ ಬರ್ತಾರೆ" ಅಂತ ಜೊತೆಯಲ್ಲಿ ಕೆಲಸ ಮಾಡುವವರು ಹೇಳಿದ್ದರು. ಒಂದೊಂದೇ ಪೇಲೋಡ್ (ಬಲೂನಿಗೆ ಕಟ್ಟಿ ಕಳಿಸುವ ಪೆಟ್ಟಿಗೆ) ಹೊಸ ಕಡೆಗೆ ಸಾಗಿಸುವ ನನ್ನ ಯೋಚನೆ ಅವರಿಗೆ ಹಿಡಿಸಿರಲಿಲ್ಲ. ಎರಡು ಸರ್ವರ್ ಒಟ್ಟಿಗೆ ನೋಡಿಕೊಂಡು ಕೂತರೆ ಎರಡೂ ಕೆಡುತ್ತವೆ ಅನ್ನೋದು ಅವರ ವಾದ. ಕೊನೆಗೆ ಕೈ ಹಿಡಿದದ್ದು ನನ್ನ ಆ ಒಂದೊಂದೇ ಸಾಗಿಸುವ ದಾರಿಯೇ.

ಇಂಥ ಬಲೂನ್‌ಗಳ ದೊಡ್ಡ ಟ್ರ್ಯಾಕಿಂಗ್ ತಾಣ ಹ್ಯಾಬ್‌ಹಬ್ ನಿಂತು ಅಲ್ಲಿನವರೆಲ್ಲ ಸೋಂಡ್‌ಹಬ್ ಅನ್ನೋ ತಾಣದ ಕಡೆ ಹೋದದ್ದು ನಿಮಗೆ ಗೊತ್ತೇ ಇದೆ. ನಮ್ಮದು ಅದಕ್ಕಿಂತ ತುಂಬಾ ಚಿಕ್ಕದು, ಆದರೆ ಅದೇ ಕಾಲದ್ದು, ಅದೇ ರೀತಿಯದ್ದು. ಕೆಳಗೆ ಕೌಚ್‌ಡಿಬಿ ಅನ್ನೋ ಡೇಟಾಬೇಸ್, ಮೇಲೆ ಬಂದ ಮಾಹಿತಿ ಬಿಡಿಸಿ ಓದುವ, ಪೈಥಾನ್ 2ರಲ್ಲಿ ಬರೆದ ಪಾರ್ಸರ್. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿತು. ಆಮೇಲೂ ನಾವು ಅದನ್ನೇ ತೇಪೆ ಹಾಕಿ ಓಡಿಸುತ್ತಿದ್ದೆವು. ಮೂಲ ಪಾರ್ಸರ್ ಬರೆದವರು ಈ ಹವ್ಯಾಸ ಬಿಟ್ಟು ವರ್ಷಗಳಾಗಿದ್ದವು.

ಮುಚ್ಚಲೇಬೇಕು ಅನ್ನಿಸಿದ್ದು ಡಿಸ್ಕ್‌ನಿಂದ. ಕೌಚ್‌ಡಿಬಿ ಫೈಲ್ ಬೆಳೆಯುತ್ತಲೇ ಹೋಗುತ್ತೆ, ಕಾಂಪ್ಯಾಕ್ಷನ್ (ಬೇಡದ ಹಳೇ ಪ್ರತಿಗಳನ್ನು ತೆಗೆಯುವುದು) ಮಾಡಿದರೆ ಮಾತ್ರ ಇಳಿಯುತ್ತೆ. ಆದರೆ ಕಾಂಪ್ಯಾಕ್ಷನ್ ನಡೆಯುವಾಗ ಹಳೇ ಫೈಲ್ ಪಕ್ಕದಲ್ಲೇ ಹೊಸ ಫೈಲ್ ಬರೆಯುತ್ತೆ, ಅದಕ್ಕೂ ಜಾಗ ಬೇಕು. ನಮ್ಮ ಡಿಸ್ಕ್ ಶೇಕಡಾ 70 ತುಂಬಿತ್ತು. ಸಾಕಾಗಬಹುದು ಅಂತ ರಾತ್ರಿ ಶುರು ಮಾಡಿದೆ. ಬೆಳಗಿನ ಜಾವಕ್ಕೆ ಡಿಸ್ಕ್ ಪೂರ್ತಿ ತುಂಬಿ ಸರ್ವರ್ ನಿಂತಿತ್ತು. ಆವತ್ತು ಶನಿವಾರ. ಶನಿವಾರ ಬೆಳಿಗ್ಗೆ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಮೂರು ಲಾಂಚ್ ಇದ್ದವು. ಜಾಗ ಬಿಡಿಸೋಕೆ ಅಂತಲೇ ಎರಡು ಪಟ್ಟು ದೊಡ್ಡ ಡಿಸ್ಕ್ ಬಾಡಿಗೆಗೆ ತಗೊಂಡೆ. ಆ ತಿಂಗಳ ಬಿಲ್ ಹಿಂದಿನ ತಿಂಗಳಿನ ಎರಡೂವರೆ ಪಟ್ಟು ಬಂತು. ದೇಣಿಗೆ ಬರುವುದು ಕಡಿಮೆಯಾಗಿ ಆಗಲೇ ಎರಡು ವರ್ಷವಾಗಿತ್ತು. ಉಳಿದದ್ದನ್ನು ನನ್ನ ಕೈಯಿಂದ ಕಟ್ಟುತ್ತಿದ್ದೆ.

ಮೊದಲು ಅವರು ಹೇಳಿದ ಹಾಗೇ ಮಾಡಿ ನೋಡಿದೆ. ಆರು ವಾರ ಮುಂಚೆ ತಾರೀಖು ಹೇಳಿದೆವು. ಮುಖಪುಟದ ಮೇಲೆ ಕೆಂಪು ಪಟ್ಟಿ ಹಾಕಿದೆವು. ಆದರೆ ಅಪ್‌ಲೋಡ್ ಮಾಡುವವರು ಮುಖಪುಟ ನೋಡುವುದೇ ಇಲ್ಲ, ಅಲ್ವಾ? ಅವರ ಲ್ಯಾಪ್‌ಟಾಪ್‌ನಲ್ಲಿ ಬಲೂನಿನ ರೇಡಿಯೋ ಸಿಗ್ನಲ್ ಓದಿ ಸರ್ವರ್‌ಗೆ ಕಳಿಸುವ, ಐದು ವರ್ಷದ ಹಿಂದೆ ಹಾಕಿಕೊಂಡ ಡಿಎಲ್-ಎಫ್‌ಎಲ್‌ಡಿಜಿ ಇರುತ್ತೆ. ತೆರೆದರೆ ಕೆಲಸ ಮಾಡುತ್ತೆ, ಅಷ್ಟು ಸಾಕು ಅವರಿಗೆ. ಮುಚ್ಚಿದ ಮೊದಲ ವಾರಾಂತ್ಯವೇ ಒಂದು ಗುಂಪು 434 ಮೆಗಾಹರ್ಟ್ಸ್‌ನಲ್ಲಿ ಆರ್‌ಟಿಟಿವೈ (ರೇಡಿಯೋದಲ್ಲಿ ಅಕ್ಷರ ಕಳಿಸುವ ಹಳೇ ವಿಧಾನ) ಪೇಲೋಡ್ ಬಿಟ್ಟಿತು. ಏಳೆಂಟು ರಿಸೀವರ್‌ಗಳು ಚೆನ್ನಾಗಿ ಡಿಕೋಡ್ ಮಾಡುತ್ತಿದ್ದವು. ಆದರೆ ಬಲೂನ್ ಕಳಿಸಿದ ಮಾಹಿತಿಯ ಒಂದು ಸಾಲೂ ನಕ್ಷೆಗೆ ಬರಲಿಲ್ಲ. ಬಲೂನ್ ಹಿಂದೆ ಹೋಗುವ ಚೇಸ್ ಕಾರಿನವರು, ಎಲ್ಲಿ ಬೀಳಬಹುದು ಅನ್ನೋ ಪ್ರಿಡಿಕ್ಷನ್ ನಂಬಿ ಸುಮಾರು 30 ಕಿಲೋಮೀಟರ್ ಬೇರೆ ಕಡೆ ಹೋದರು. ಎರಡು ದಿನದ ಮೇಲೆ ಹೊಲದವರೊಬ್ಬರು ಪೆಟ್ಟಿಗೆಯ ಮೇಲಿನ ನಂಬರ್ ನೋಡಿ ಫೋನ್ ಮಾಡಿದರು. ಹೀಗೆ ಸಿಕ್ಕಿತು. ಅವರು ಒಂದು ವರ್ಷ ದುಡ್ಡು ಕೂಡಿಸಿ ಮಾಡಿದ ಹಾರಾಟ ಅದು. ಅವತ್ತು ಸಂಜೆಯೇ ಹಳೇ ಸರ್ವರ್ ಮತ್ತೆ ಆನ್ ಮಾಡಿದೆ. ಇನ್ನು ತಾರೀಖಿನ ಮಾತು ಬೇಡ ಅಂತ ನಿರ್ಧಾರ ಮಾಡಿದೆ.

ನಾನು ಹಿಡಿದ ದಾರಿ ಇಷ್ಟೇ. ಹಳೇ ಬಾಗಿಲನ್ನು ತೆರೆದೇ ಇಟ್ಟೆ, ಅದರ ಹಿಂದಿನ ಮನೆಯನ್ನು ಮಾತ್ರ ಬದಲಾಯಿಸಿದೆ. ಹಳೇ ವಿಳಾಸಕ್ಕೆ ಬಂದ ಪ್ರತಿ ಸಾಲನ್ನೂ ಒಂದು ಸಣ್ಣ ಪ್ರೋಗ್ರಾಂ ಹಿಡಿದು ಹಳೇ ಸರ್ವರ್‌ಗೂ ಹೊಸದಕ್ಕೂ ಕೊಡುತ್ತೆ. ಹೊಸದು ಚಿಕ್ಕ ಯಂತ್ರ, ಅದರ ಮೇಲೊಂದು ನಕ್ಷೆ, ಅಲ್ಲಿಂದ ಸೋಂಡ್‌ಹಬ್ ಅಮೆಚೂರ್‌ಗೆ ಒಂದು ಪ್ರತಿ. ಒಂದು ಪೇಲೋಡ್ ಎರಡೂ ನಕ್ಷೆಯಲ್ಲಿ ಮೂರು ಹಾರಾಟ ಒಂದೇ ರೀತಿ ಕಂಡರೆ, ಆ ಪೇಲೋಡ್‌ಗೆ ಮಾತ್ರ ಹಳೇ ಕಡೆಯ ದಾರಿ ಮುಚ್ಚುವುದು. ಮೂರು ಹಾರಾಟ ಯಾಕೆ? ಎರಡಕ್ಕೆ ನಿಲ್ಲಿಸಿ ಒಮ್ಮೆ ಏಟು ತಿಂದಿದ್ದೇನೆ.

ಬರೆಯೋಕೆ ಎರಡು ಸಂಜೆ ಸಾಕಾಯಿತು, ಸರಿಹೋಗೋಕೆ ಐದು ತಿಂಗಳು ಬೇಕಾಯಿತು.

ಮೊದಲ ವಾರವೇ ಲೂಪ್ ಆಯಿತು. ಹೊಸ ಕಡೆ ನೇರವಾಗಿ ಬರುವ ಸಾಲುಗಳು ಹಳೇ ನಕ್ಷೆಯಲ್ಲೂ ಕಾಣಲಿ ಅಂತ ಹಿಂದಕ್ಕೂ ಕಳಿಸುತ್ತಿದ್ದೆ. ಹಿಂದಕ್ಕೆ ಹೋದದ್ದು ಮತ್ತೆ ಮುಂದಕ್ಕೆ ಬಂತು. ಸ್ಟ್ರಿಂಗ್‌ನ ಹ್ಯಾಶ್ (ಅಕ್ಷರಗಳಿಂದ ಲೆಕ್ಕ ಹಾಕಿದ ಗುರುತು) ನೋಡಿ ನಕಲು ತೆಗೆಯುತ್ತಿದ್ದೆ, ಆದರೆ ಹಳೇ ಸರ್ವರ್ ಸಾಲಿನ ಕೊನೆಯ ನ್ಯೂಲೈನ್ ಕಿತ್ತು ಹಾಕುತ್ತಿತ್ತು. ಹ್ಯಾಶ್ ಬೇರೆಯಾಯಿತು. ಒಂದು ಸಾಲು ಎರಡಾಗಿ, ಎರಡು ನಾಲ್ಕಾಗಿ, ಅರ್ಧ ಗಂಟೆಯಲ್ಲಿ ಲಾಗ್ ಫೈಲ್ ಹತ್ತು ಗಿಗಾಬೈಟ್ ದಾಟಿತ್ತು. ಈಗ ಸಾಲಿನ ಶುರುವಿನ ಡಾಲರ್ ಗುರುತಿನಿಂದ, ಸಾಲು ಸರಿಯಾಗಿ ಬಂತಾ ಅಂತ ನೋಡುವ ಚೆಕ್‌ಸಮ್‌ನ ಕೊನೆಯ ಅಕ್ಷರದವರೆಗೆ ಮಾತ್ರ ಹ್ಯಾಶ್ ಮಾಡುತ್ತೇನೆ. ಹಿಂದಕ್ಕೆ ಕಳಿಸುವುದನ್ನು ಪೂರ್ತಿ ಬಿಟ್ಟೆ. ಹಳೇ ನಕ್ಷೆ ಖಾಲಿಯಾಗುತ್ತಾ ಹೋದರೆ ಜನ ತಾವೇ ಹೊಸದನ್ನು ತೆರೆಯುತ್ತಾರೆ. ಅದು ಆಮೇಲೆ ನನಗೆ ಅನುಕೂಲವೇ ಆಯಿತು.

ಎರಡನೆಯದು ಮಧ್ಯರಾತ್ರಿಯ ಸಮಸ್ಯೆ. ನಮ್ಮ ಸಾಲಿನಲ್ಲಿ ಗಂಟೆ, ನಿಮಿಷ, ಸೆಕೆಂಡ್ ಇರುತ್ತೆ, ತಾರೀಖು ಇರುವುದಿಲ್ಲ. ತಾರೀಖು ಸರ್ವರ್ ಹಾಕಬೇಕು. 23:59:58ಕ್ಕೆ ಬಲೂನ್ ಕಳಿಸಿದ ಸಾಲು 00:00:03ಕ್ಕೆ ನನಗೆ ಬಂತು. ನನ್ನ ಪ್ರೋಗ್ರಾಂ ಅದಕ್ಕೆ ಹೊಸ ದಿನದ ತಾರೀಖು ಅಂಟಿಸಿತು. ಅಂದರೆ ಬಲೂನ್ ಸುಮಾರು 24 ಗಂಟೆ ಮುಂದಿನ ಕಾಲದಲ್ಲಿದೆ! ನಕ್ಷೆ ಎಲ್ಲಕ್ಕಿಂತ ಹೊಸ ಸಮಯದ ಸಾಲನ್ನೇ ತೋರಿಸುತ್ತೆ. ಹಾಗಾಗಿ ಆಮೇಲೆ ಬಂದ ಸರಿಯಾದ ಸಾಲುಗಳೆಲ್ಲ ಹಳೆಯವು ಅಂತ ಬಿದ್ದುಹೋದವು. ಹಗಲಿನ ಲ್ಯಾಟೆಕ್ಸ್ (ಏರಿ ಒಡೆಯುವ ರಬ್ಬರ್ ಬಲೂನ್) ಹಾರಾಟದಲ್ಲಿ ಇದು ಬರುವುದೇ ಇಲ್ಲ, ಎರಡು ಮೂರು ಗಂಟೆಯಲ್ಲಿ ಎಲ್ಲ ಮುಗಿದಿರುತ್ತೆ. ರಾತ್ರಿಯೆಲ್ಲ ತೇಲುವ ಫ್ಲೋಟರ್ ಒಂದು ಸಿಕ್ಕಿದ್ದರಿಂದ ಗೊತ್ತಾಯಿತು. ಇಡೀ ದಿನ ಅದು ನಕ್ಷೆಯಲ್ಲಿ ಒಂದೇ ಕಡೆ ನಿಂತಿತ್ತು. ಹಳೇ ಪಾರ್ಸರ್‌ನಲ್ಲಿ ಇದಕ್ಕೆ ನಾಲ್ಕು ಸಾಲಿನ ಕೋಡ್ ಇತ್ತು: ಸಮಯ 12 ಗಂಟೆಗಿಂತ ಜಾಸ್ತಿ ಮುಂದಿದ್ದರೆ ಹಿಂದಿನ ದಿನ ಅಂತ ತಿಳಿ. ಅದನ್ನು ಬರೆದವರ ಬಗ್ಗೆ ನನಗೆ ಅವತ್ತು ದೊಡ್ಡ ಗೌರವ ಬಂತು. ಹಳೇ ಕೋಡ್ ಎಸೆಯುವ ಮುಂಚೆ ಒಂದೊಂದು ಸಾಲೂ ಓದಬೇಕು. ಓದದೆ ಬಿಟ್ಟ ಸಾಲೇ ಆಮೇಲೆ ಕಾಡಿದ್ದು.

ಪೇಲೋಡ್ ಡಾಕ್ಯುಮೆಂಟ್‌ಗಳ ಕಥೆ ಇನ್ನೂ ಉದ್ದ. ಒಂದೊಂದು ಪೇಲೋಡಿನ ಸಾಲನ್ನು ಹೇಗೆ ಓದಬೇಕು ಅಂತ ಹೇಳುವ ದಾಖಲೆ ಅವು. ಸುಮಾರು 900 ಇದ್ದವು. ಕೆಲವರದ್ದು ದಶಮಾಂಶ ಡಿಗ್ರಿ, ಕೆಲವರದ್ದು ಜಿಪಿಎಸ್ ಕೊಟ್ಟ ಡಿಗ್ರಿ-ನಿಮಿಷ ಹಾಗೇ. ಬಹುತೇಕರ ಚೆಕ್‌ಸಮ್ ಸಿಆರ್‌ಸಿ16, ಇನ್ನೂ ಕೆಲವರದ್ದು ಎಕ್ಸ್‌ಓಆರ್. ಒಬ್ಬರ ಫರ್ಮ್‌ವೇರ್ ದಶಮಾಂಶದ ಮುಂದಿನ ಸೊನ್ನೆಗಳನ್ನು ನುಂಗುತ್ತಿತ್ತು. 0.052 ಇರಬೇಕಾದ ಕಡೆ 0.52 ಬರುತ್ತಿತ್ತು. ಅದನ್ನು ಸರಿಮಾಡೋಕೆ ಯಾರೋ ಪುಣ್ಯಾತ್ಮರು ಹಳೇ ಸರ್ವರ್‌ನಲ್ಲಿ ಆ ಪೇಲೋಡ್‌ಗೆ ಮಾತ್ರ ಒಂದು ಫಿಲ್ಟರ್ ಬರೆದಿಟ್ಟಿದ್ದರು. ಇಂಥ ಫಿಲ್ಟರ್ ನಲವತ್ತರ ಹತ್ತಿರ ಸಿಕ್ಕವು. ಎಲ್ಲವನ್ನೂ ತರಬೇಕು ಅಂತ ಶುರು ಮಾಡಿ ಮೂರು ವಾರ ಕಳೆದೆ. ಆಮೇಲೆ ಕಳೆದ ಎರಡು ವರ್ಷದಲ್ಲಿ ನಿಜವಾಗಿ ಹಾರಿದವು ಎಷ್ಟು ಅಂತ ಎಣಿಸಿದೆ. ನೂರರ ಆಸುಪಾಸು. ಅದರಲ್ಲಿ ಫಿಲ್ಟರ್ ಬೇಕಾದವು ಆರು. ಆರನ್ನು ಒಂದೇ ಭಾನುವಾರ ಕೂತು ಮುಗಿಸಿದೆ. ಎಣಿಸುವ ಕೆಲಸ ಮೊದಲೇ ಮಾಡಿದ್ದರೆ ಆ ಮೂರು ವಾರ ಉಳಿಯುತ್ತಿತ್ತು.

ಪರೀಕ್ಷೆಗೆ ಪ್ರತಿ ಸಲ ಯಾರದೋ ಹಾರಾಟಕ್ಕೆ ಕಾಯೋಕೆ ಆಗಲ್ಲವಲ್ಲ. ನನ್ನ ಹತ್ತಿರ ಬಿದ್ದು ಸಿಕ್ಕಿದ ಆರ್‌ಎಸ್41 ರೇಡಿಯೋಸೋಂಡ್ (ಹವಾಮಾನ ಬಲೂನಿನ ಉಪಕರಣ) ನಾಲ್ಕಿದ್ದವು. ಒಂದಕ್ಕೆ ಬೇರೆ ಫರ್ಮ್‌ವೇರ್ ಹಾಕಿ, ಎರಡು ಎಎ ಸೆಲ್ ಬದಲು ಹೊರಗಿನ ಸಪ್ಲೈ ಕೊಟ್ಟು ಚಾವಣಿ ಮೇಲೆ ಇಟ್ಟೆ. ನಿಮಿಷಕ್ಕೊಂದು ಆರ್‌ಟಿಟಿವೈ ಸಾಲು, 4ಎಫ್‌ಎಸ್‌ಕೆ ಅನ್ನೋ ಹೊಸ ವಿಧಾನದಲ್ಲಿ ಹೋಗುವ ಒಂದು ಹೋರಸ್ ಬೈನರಿ ಪ್ಯಾಕೆಟ್. ತಿಂಗಳುಗಟ್ಟಲೆ ಓಡಿತು. ಜಾಗ ಬದಲಾಗದ ಬಲೂನ್ ನಕ್ಷೆ ಪರೀಕ್ಷೆಗೆ ಬಹಳ ಒಳ್ಳೆಯದು. ಬಿಂದು ಅಲುಗಾಡಿತು ಅಂದರೆ ತಪ್ಪು ನಮ್ಮ ಕಡೆಯದ್ದೇ. ಜೊತೆಗೆ ಇನ್ನೊಂದು ವಿಷಯ ನೋಡಿದೆ. ಆಂಟೆನಾ ಮುಂದೆ ಸಿಗ್ನಲ್ ಕುಗ್ಗಿಸುವ ಅಟೆನ್ಯುಯೇಟರ್ ಸೇರಿಸುತ್ತಾ ಹೋದಾಗ ಆರ್‌ಟಿಟಿವೈ ಮೊದಲು ಅಕ್ಷರ ತಪ್ಪಿಸಿ ಆಮೇಲೆ ಪೂರ್ತಿ ಕೈಕೊಟ್ಟಿತು. 4ಎಫ್‌ಎಸ್‌ಕೆ ಮಾತ್ರ ಅದಕ್ಕಿಂತ ಎಷ್ಟೋ ಮುಂದೆ ಹೋಗುವವರೆಗೂ ಸರಿಯಾಗಿ ಬಂತು. ನನ್ನ ಬೆಂಚ್ ಮೇಲೆ ವ್ಯತ್ಯಾಸ ಸುಮಾರು 6 ಡಿಬಿ ಕಂಡಿತು. ಅಳತೆ ಒರಟು, ಆದರೂ ಮೂರು ಗುಂಪಿನವರಿಗೆ ಇದನ್ನೇ ತೋರಿಸಿ ಹೊಸ ಮೋಡ್‌ಗೆ ಕರೆತಂದೆ. ಹೊಸ ಮೋಡ್‌ಗೆ ಬಂದವರು ಹಳೇ ಸಾಫ್ಟ್‌ವೇರ್ ತಾವೇ ಬಿಟ್ಟರು.

ಎಲ್ಲಕ್ಕಿಂತ ಕಷ್ಟ ಆದದ್ದು ಹಳೇ ರಿಸೀವರ್ ಇಟ್ಟವರನ್ನು ಹುಡುಕುವುದು. 2021ರ ಸೆಪ್ಟೆಂಬರ್ 30ಕ್ಕೆ ಸರ್ವರ್ ಅಸಲಿಯೇ ಅಂತ ನೋಡೋಕೆ ಬಳಸುವ ಒಂದು ಹಳೇ ರೂಟ್ ಸರ್ಟಿಫಿಕೇಟ್ ಅವಧಿ ಮುಗಿದಾಗ ನಮ್ಮ ರಿಸೀವರ್‌ಗಳಲ್ಲಿ ಒಂದಷ್ಟು ಏಕಾಏಕಿ ಸುಮ್ಮನಾಗಿದ್ದವು. ಆಗ ಯಾರೋ ಅವರಿಗೆ ಎಚ್‌ಟಿಟಿಪಿಎಸ್ ಅನ್ನೋ ಸುರಕ್ಷಿತ ಸಂಪರ್ಕ ಇಲ್ಲದ ಹಿಂಬಾಗಿಲು ತೆರೆದಿದ್ದರು. ಆಮೇಲೆ ಅದನ್ನು ಎಲ್ಲರೂ ಮರೆತಿದ್ದರು. ಅಪ್‌ಲೋಡ್‌ಗಳಲ್ಲಿ ಕಾಲು ಭಾಗ ಅಲ್ಲಿಂದಲೇ ಬರುತ್ತಿತ್ತು! ರಿಸೀವರ್ ಹೆಸರು ಬಿಟ್ಟರೆ ಅವರ ವಿಳಾಸ, ಮೇಲ್ ಏನೂ ಇಲ್ಲ. ಈ ಹಳೇ ಸಾಫ್ಟ್‌ವೇರ್ ಓಡಿಸುವವರ ಪರದೆಯ ಮೇಲೇ "ದಯವಿಟ್ಟು ಬದಲಾಯಿಸಿ" ಅಂತ ಕಾಣುವ ಹಾಗೆ ಮಾಡೋಕೆ ಒಂದು ದಾರಿ ಕಂಡುಕೊಂಡೆ. ಅದೊಂದನ್ನು ಇಲ್ಲಿ ಬರೆಯುವುದಿಲ್ಲ. ಅದೇ ದಾರಿಯಲ್ಲಿ ಬೇರೆಯವರ ಟೆಲಿಮೆಟ್ರಿಯನ್ನು ತಪ್ಪು ಕಡೆಗೂ ತಿರುಗಿಸಬಹುದು. ನೀವು ಇಂಥ ಸರ್ವರ್ ನಡೆಸುತ್ತಿದ್ದರೆ ಸಿಕ್ಕಾಗ ಕೇಳಿ, ಹೇಳುತ್ತೇನೆ. ಎರಡೇ ತಿಂಗಳಲ್ಲಿ ಆ ಕಾಲು ಭಾಗ ಇಪ್ಪತ್ತರಲ್ಲೊಂದು ಭಾಗಕ್ಕೆ ಇಳಿಯಿತು. ಹೇಳಿ ಹೇಳಿ ಹನ್ನೊಂದು ವರ್ಷದಲ್ಲಿ ಆಗದ್ದು ಅದು.

ಕೊನೆಗೆ ಉಳಿದದ್ದು ಹಳೇ ದಾಖಲೆ. ಹನ್ನೊಂದು ವರ್ಷದ ಹಾರಾಟ ಎಸೆಯೋಕೆ ಮನಸ್ಸು ಬರಲ್ಲ. ಡೇಟಾಬೇಸ್ ಆಗಿ ಇಟ್ಟುಕೊಂಡರೆ ಮತ್ತೆ ಅದೇ ಬಾಡಿಗೆ. ಪ್ರತಿ ಹಾರಾಟಕ್ಕೆ ಒಂದು ಸಿಎಸ್‌ವಿ, ಮೂಲ ಸಾಲುಗಳ ಒಂದು ಫೈಲ್, ಎರಡನ್ನೂ ಜಿಪ್ ಮಾಡಿ ಸುಮ್ನೆ ಫೈಲ್‌ಗಳಾಗಿ ಇಟ್ಟೆ. 300 ಗಿಗಾಬೈಟ್ ಇದ್ದದ್ದು 9ಕ್ಕೆ ಇಳಿಯಿತು. ಇಲ್ಲೂ ದುಡ್ಡು ಕಳೆದುಕೊಂಡೆ. ಹಳೇ ಕಡೆಯಿಂದ ಡೇಟಾ ಹೊರಗೆ ತೆಗೆದರೆ ಗಿಗಾಬೈಟ್ ಲೆಕ್ಕದಲ್ಲಿ ಬಿಲ್ ಹಾಕುತ್ತಾರೆ ಅನ್ನೋದು ಮರೆತು, ಇಡೀ ಡೇಟಾಬೇಸನ್ನು ಎರಡು ಸಲ ಹೊರಗೆ ತಂದೆ. ಐದು ತಿಂಗಳ ಬಾಡಿಗೆಯಷ್ಟು ಒಂದೇ ಸಲ ಹೋಯಿತು. ಅಲ್ಲೇ ಕುಗ್ಗಿಸಿ ಆಮೇಲೆ ತರಬೇಕಿತ್ತು. ಆದರೂ ಈಗಿನ ತಿಂಗಳ ಖರ್ಚು ಹಳೆಯದರ ಎಂಟರಲ್ಲೊಂದು ಪಾಲು. ಕಳೆದದ್ದೆಲ್ಲ ಒಂದು ವರ್ಷದೊಳಗೆ ವಾಪಸ್ ಬಂದ ಹಾಗೆ.

ಫೈಲ್ ಮಾಡುವಾಗ ದಾರಿ ತಪ್ಪಿ ಒಂದು ವಾರ ಬೇರೆ ಕೆಲಸ ಮಾಡಿದೆ. ಎಲ್ಲ ಲ್ಯಾಟೆಕ್ಸ್ ಹಾರಾಟಗಳ ಏರುವ ವೇಗ ಲೆಕ್ಕ ಹಾಕಿದೆ. ಎಲ್ಲರೂ ಸೆಕೆಂಡಿಗೆ 5 ಮೀಟರ್ ಅಂತ ಗ್ಯಾಸ್ ತುಂಬುತ್ತಾರೆ. ನಮ್ಮ ದಾಖಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾರಾಟ 5.5ರ ಮೇಲೆ ಹೋಗಿವೆ. ಭಯಕ್ಕೆ ಒಂದಿಷ್ಟು ಜಾಸ್ತಿ ತುಂಬುತ್ತಾರೆ, ಅದಕ್ಕೇ ಲೆಕ್ಕಕ್ಕಿಂತ ಕೆಳಗೇ ಒಡೆಯುತ್ತೆ, ಗ್ಯಾಸಿನ ದುಡ್ಡೂ ಹೋಗುತ್ತೆ. ಇನ್ನೊಂದು ಕಂಡದ್ದು: 12 ಕಿಲೋಮೀಟರ್ ದಾಟುತ್ತಿದ್ದ ಹಾಗೇ ಎತ್ತರ ನಿಂತುಹೋದ ಹಾರಾಟಗಳು ಇಪ್ಪತ್ತಕ್ಕೂ ಜಾಸ್ತಿ. ಜಿಪಿಎಸ್ ಅನ್ನು ಫ್ಲೈಟ್ ಮೋಡ್‌ಗೆ (ಬಹಳ ಎತ್ತರದಲ್ಲೂ ಕೆಲಸ ಮಾಡುವ ಸೆಟ್ಟಿಂಗ್) ಹಾಕೋಕೆ ಮರೆತವರು. ಹನ್ನೊಂದು ವರ್ಷವೂ, ಪ್ರತಿ ವರ್ಷವೂ ಒಬ್ಬರಾದರೂ ಇದ್ದಾರೆ. ಅದಕ್ಕೆ ಹೊಸ ನಕ್ಷೆಯಲ್ಲಿ ಒಂದು ಎಚ್ಚರಿಕೆ ಸೇರಿಸಿದೆ. ಹೊಸ ಪೇಲೋಡ್ ಮೊದಲ ಸಲ ನೆಲದ ಮೇಲೆ ಕಂಡ ತಕ್ಷಣ "ಫ್ಲೈಟ್ ಮೋಡ್ ಹಾಕಿದ್ದೀರಾ?" ಅಂತ ಕೇಳುತ್ತೆ. ಇದುವರೆಗೆ ಇಬ್ಬರು ಬಲೂನ್ ಕೈಯಲ್ಲಿ ಹಿಡಿದುಕೊಂಡೇ ಲ್ಯಾಪ್‌ಟಾಪ್ ತೆರೆದು ಸರಿಮಾಡಿಕೊಂಡಿದ್ದಾರೆ. ಇಡೀ ಕೆಲಸದಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ಅದೇ.

ಹಳೇ ಬಾಗಿಲಿಗೆ ಬಂದ ಕೊನೆಯ ಸಾಲು ಒಂದು ಆರ್‌ಟಿಟಿವೈ ಪೇಲೋಡಿನದು, 50 ಬಾಡ್. ಆಮೇಲೆ ಐದು ವಾರ ಏನೂ ಬರಲಿಲ್ಲ. ಹಳೇ ಸರ್ವರ್ ಆಫ್ ಮಾಡಿ, ಅದೇ ವಿಳಾಸದಲ್ಲಿ 410, ಅಂದರೆ 'ಇದು ಕಾಯಂ ಆಗಿ ಹೋಗಿದೆ' ಅನ್ನೋ ಉತ್ತರ ಕೊಡುವ ಪುಟ್ಟ ಪ್ರೋಗ್ರಾಂ ಇಟ್ಟಿದ್ದೇನೆ. ಜೊತೆಗೆ ಹೊಸ ವಿಳಾಸ ಒಂದು ಸಾಲಿನಲ್ಲಿ ಇದೆ. ಯಾರಾದರೂ ಬಡಿದರೆ ನನ್ನ ಫೋನಿಗೆ ಮೆಸೇಜ್ ಬರುತ್ತೆ. ಡೊಮೈನ್ ಮಾತ್ರ ಬಿಟ್ಟಿಲ್ಲ. ಬಿಟ್ಟರೆ ಬೇರೆ ಯಾರೋ ತಗೊಂಡು ಏನು ಬೇಕಾದರೂ ಹಾಕಬಹುದು, ಹಳೇ ರಿಸೀವರ್‌ಗಳು ಅಲ್ಲಿಗೇ ಕಳಿಸುತ್ತವೆ. ಹತ್ತು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದೇನೆ. ಹೋದ ವಾರ ಒಂದು ಮೆಸೇಜ್ ಬಂತು. ಅಟ್ಟದ ಮೇಲಿಂದ ಹಳೇ ಲ್ಯಾಪ್‌ಟಾಪ್ ಇಳಿಸಿದವರು ಒಬ್ಬರು. ಅವರನ್ನು ಅವತ್ತು ಸಂಜೆಯೇ ಹೊಸ ಕಡೆ ಸೇರಿಸಿದೆ.