ಒಲೆಗೆ ಅಂಟಿದ ಪ್ಲಾಸ್ಟಿಕ್ ತೆಗೆಯುವುದು ಹೇಗೆ?

ಬಿಸಿ ಆರದ ಗ್ಯಾಸ್ ಒಲೆಯ ಮೇಲೆ ಹಾಲಿನ ಪ್ಯಾಕೆಟ್ಟೋ ಡಬ್ಬಿಯ ಮುಚ್ಚಳವೋ ಬಿದ್ದು ಕರಗಿದರೆ ಕೈ ಮೊದಲು ಹೋಗುವುದು ಸ್ಟೀಲ್ ನಾರಿನ ಕಡೆಗೆ, ಇಲ್ಲವೇ ತಣ್ಣೀರಿನ ಕಡೆಗೆ. ಎರಡೂ ಬೇಡ. ನಾರಿನಿಂದ ಗಾಜಿಗೂ ಸ್ಟೀಲಿಗೂ ಗೀರು ಬೀಳುತ್ತದೆ, ಪ್ಲಾಸ್ಟಿಕ್ ಮಾತ್ರ ಅಲ್ಲೇ ಉಳಿಯುತ್ತದೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಇಡೀ ಗಾಜು ಒಡೆದು ಚೂರುಚೂರಾಗಬಹುದು.

ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರನ್ನೂ ಬಂದ್ ಮಾಡಿ. ಇಂಡಕ್ಷನ್ ಆದರೆ ಪ್ಲಗ್ ತೆಗೆಯಿರಿ. ಕಿಟಕಿ ತೆರೆದಿಟ್ಟು ಹೊಗೆ ಹೋಗುವವರೆಗೆ ಹೊರಗಿರಿ. ಕರಗಿದ್ದು ಪಿವಿಸಿ, ಅಂದರೆ ವೈರಿನ ಹೊದಿಕೆಯಂಥದ್ದು ಆಗಿದ್ದರೆ ಅದರ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಕಣ್ಣು, ಗಂಟಲು ಉರಿಯುವುದು ಅದರಿಂದಲೇ.

ಐದಾರು ನಿಮಿಷ ಬಿಟ್ಟು, ಮರದ ಸೌಟಿನ ತುದಿಯಿಂದ ಒತ್ತಿ ನೋಡಿ. ದಾರದಂತೆ ಎಳೆ ಬಂದರೆ ಇನ್ನೂ ಬಿಸಿ ಹೆಚ್ಚು, ಈಗ ಕೆರೆದರೆ ಹರಡುತ್ತದೆ. ಎಳೆ ಬಾರದೆ ಗುಳಿ ಬಿದ್ದರೆ ಅದೇ ಸರಿಯಾದ ಸಮಯ: ರಬ್ಬರಿನಂತಾದ ಪ್ಲಾಸ್ಟಿಕ್ಕನ್ನು ಅಂಚಿನಿಂದ ಎಬ್ಬಿಸಿದರೆ ಹಾಳೆಯಾಗಿ ಏಳುತ್ತದೆ. ಟಕ್ ಎಂದು ಸದ್ದು ಬಂದರೆ ಗಟ್ಟಿಯಾಗಿದೆ ಎಂದರ್ಥ. ಆಗ ಕರಗಿದ್ದು ಯಾವ ಪ್ಲಾಸ್ಟಿಕ್ ಎಂದು ತಿಳಿಯದೆ ಮುಂದುವರಿಯಬೇಡಿ. ಬಿಸಿ ಮಾಡಬೇಕೋ ತಣ್ಣಗೆ ಮಾಡಬೇಕೋ ಎನ್ನುವುದನ್ನು ತೀರ್ಮಾನಿಸುವುದು ಅದೇ.

ಉಳಿದ ತುಂಡಿನ ಮೇಲೆ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಮತ್ತು 4 ಪಾಲಿಥೀನ್: ಹಾಲಿನ ಪ್ಯಾಕೆಟ್, ಕ್ಯಾರಿಬ್ಯಾಗ್. 5 ಪಾಲಿಪ್ರೊಪಿಲೀನ್: ಊಟದ ಪಾರ್ಸಲ್ ಡಬ್ಬಿ, ಅನೇಕ ಮುಚ್ಚಳಗಳು. 6 ಪಾಲಿಸ್ಟೈರೀನ್: ಥರ್ಮಾಕೋಲ್, ಕೆಲವು ಬಳಸಿ ಎಸೆಯುವ ಚಮಚ, ಲೋಟಗಳು. ಅಂಕಿ ಕಾಣದಿದ್ದರೆ ತುಂಡನ್ನು ಒಂದು ಹನಿ ಸೋಪು ಹಾಕಿದ ನೀರಿಗೆ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಗಟ್ಟಿ ಪಾಲಿಸ್ಟೈರೀನ್, ಬಾಟಲಿಯ ಪೆಟ್, ನೈಲಾನ್ ಮುಳುಗುತ್ತವೆ. ಥರ್ಮಾಕೋಲಿಗೆ ಈ ಪರೀಕ್ಷೆ ನಡೆಯದು, ಅದರೊಳಗೆ ಗಾಳಿಯೇ ಹೆಚ್ಚು.

ಹಾಲಿನ ಪ್ಯಾಕೆಟ್ಟಿಗೆ ಬಿಸಿಯೇ ಮದ್ದು. ಅದರ ಪಾಲಿಥೀನ್ ಕರಗುವುದು ಸುಮಾರು 110 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕೂ ಮೊದಲೇ. ಹಾಗಾಗಿ ಕುದಿಯುವ ನೀರಿನ ಶಾಖ ಸಾಕು. ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಅಂಟಿದ ಜಾಗದ ಮೇಲೆ 2 ನಿಮಿಷ ಹಾಸಿ, ಗಾಜು ಹದವಾಗಿ ಬೆಚ್ಚಗಾಗಲಿ. ಆಮೇಲೆ ಬೇರೆ ಕಡೆ ಒಂದು ಲೀಟರ್ ನೀರು ಕುದಿಸಿದ ಚಪ್ಪಟೆ ತಳದ ಸ್ಟೀಲ್ ಪಾತ್ರೆಯನ್ನು ಆ ಒದ್ದೆ ಬಟ್ಟೆಯ ಮೇಲೆ 5 ನಿಮಿಷ ಇಡಿ. ಬಟ್ಟೆ ಒಣಗಿರಬಾರದು, ನೀರಿದ್ದರೆ ಶಾಖ ಬೇಗ ಪ್ಲಾಸ್ಟಿಕ್ಕಿಗೆ ತಲುಪುತ್ತದೆ, ಪಾತ್ರೆಗೂ ಪ್ಲಾಸ್ಟಿಕ್ ಅಂಟುವುದಿಲ್ಲ. ಹೇರ್ ಡ್ರೈಯರ್ ಇದ್ದರೆ ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಹಿಡಿದು ಎರಡು-ಮೂರು ನಿಮಿಷ ಅತ್ತಿತ್ತ ಆಡಿಸಿದರೂ ಆಗುತ್ತದೆ. ಬರ್ನರ್ ಹಚ್ಚಿ ಬಿಸಿ ಮಾಡುವ ಉಪಾಯ ಮಾತ್ರ ಬೇಡ.

ಕೆರೆಯಲು ತೆಂಗಿನ ಕರಟದ ಚೂರಿಗಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ: ಅಂಚು ಹರಿತ, ಆದರೆ ಗಾಜಿಗಿಂತಲೂ ಸ್ಟೀಲಿಗಿಂತಲೂ ಮೆದು. ಅವಧಿ ಮುಗಿದ ಎಟಿಎಂ ಕಾರ್ಡೂ ನಡೆಯುತ್ತದೆ. ಗಾಜಿನ ಮೇಲೆ ಉಳಿದ ತೆಳು ಪದರಕ್ಕೆ ಮಾತ್ರ ಹೊಸ ಬ್ಲೇಡ್. ಪಾತ್ರೆ ತೊಳೆಯುವ ಸೋಪಿನ ನೀರು ಹಚ್ಚಿ, ಬ್ಲೇಡನ್ನು ಬಹುತೇಕ ಮಲಗಿಸಿ, ಒಂದೇ ದಿಕ್ಕಿಗೆ ತಳ್ಳಿ. ಮೂಲೆ ತಾಗಿಸಿದರೆ ಗೀರು ಖಂಡಿತ. ಸ್ಟೀಲಿನ ಮೇಲೆ ಬ್ಲೇಡ್ ಬಳಸಲೇಬೇಡಿ.

ಪಾರ್ಸಲ್ ಡಬ್ಬಿಯ ಪ್ಲಾಸ್ಟಿಕ್ಕಿಗೆ ಕ್ರಮ ತಿರುವುಮುರುವು. ಪಾಲಿಪ್ರೊಪಿಲೀನ್ ಕರಗಲು 160 ಡಿಗ್ರಿ ಬೇಕು, ಬಿಸಿನೀರು ಅಷ್ಟಾಗಿ ಕೆಲಸಕ್ಕೆ ಬಾರದು. ಆದರೆ ಸೊನ್ನೆಯ ಆಸುಪಾಸಿನಲ್ಲಿ ಅದು ಪೆಡಸಾಗುತ್ತದೆ, ಗಾಜಿಗಿಂತ ಸುಮಾರು ಹತ್ತು ಪಟ್ಟು ಕುಗ್ಗುತ್ತದೆ. ಒಲೆ ಪೂರ್ತಿ ಆರಿದ ಮೇಲೆ ಸ್ಟೀಲ್ ಬಟ್ಟಲಿಗೆ ಐಸ್ ಮತ್ತು ಒಂದು ಚಮಚ ಉಪ್ಪು ಹಾಕಿ 10 ನಿಮಿಷ ಅದರ ಮೇಲಿಡಿ, ನಂತರ ಕರಟವನ್ನು ಅಂಚಿಗೆ ಕೊಟ್ಟು ಮೀಟಿ. ಹಾಲಿನ ಪ್ಯಾಕೆಟ್ಟಿಗೆ ಐಸ್ ಇಟ್ಟವರು ನಿರಾಶರಾಗುವುದಕ್ಕೂ ಕಾರಣ ಇದೇ: ಆ ಪಾಲಿಥೀನ್ ಫ್ರೀಜರಿನಲ್ಲೂ ಪೆಡಸಾಗುವುದಿಲ್ಲ.

ಪಾತ್ರೆ ಇಡುವ ಸ್ಟ್ಯಾಂಡ್ ಬಿಚ್ಚಿ ಬರುವುದರಿಂದ ಸುಲಭ. ಗಟ್ಟಿ ಪ್ಲಾಸ್ಟಿಕ್ಕಾದರೆ ಒಂದು ಗಂಟೆ ಫ್ರೀಜರಿನಲ್ಲಿಟ್ಟು ಮರದಿಂದ ತಟ್ಟಿ, ಪ್ಯಾಕೆಟ್ಟಾದರೆ 10 ನಿಮಿಷ ಕುದಿಯುವ ನೀರಿನಲ್ಲಿ ಮುಳುಗಿಸಿ ಕೆರೆಯಿರಿ. ಸುಟ್ಟು ತೆಗೆಯಲು ಹೋದರೆ ಕರಗಿದ ಹನಿ ಬರ್ನರಿನ ತೂತುಗಳಿಗೆ ಇಳಿಯುತ್ತದೆ.

ನೇಲ್ ಪಾಲಿಶ್ ರಿಮೂವರ್ ಎಲ್ಲ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ ಎನ್ನುವುದು ತಪ್ಪು. ಅದರ ಅಸಿಟೋನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನಿಗೆ ಏನೂ ಆಗದು. ಪ್ಯಾಕೆಟ್ಟಿನ ಬಣ್ಣ ಗಾಜಿಗೆ ಹತ್ತಿದ್ದರೆ ಮಾತ್ರ ಅದನ್ನು ಹತ್ತಿಗೆ ಹಚ್ಚಿ ಒರೆಸಿ ನೋಡಬಹುದು. ಬಾಟಲಿಯ ಮೇಲೆ ಅಸಿಟೋನ್ ಎಂದು ಬರೆದಿದೆಯೇ ನೋಡಿಕೊಳ್ಳಿ, ಇಲ್ಲದವೂ ಅಂಗಡಿಯಲ್ಲಿವೆ. ನಾಬ್‌ಗೆ, ಒಲೆಯ ಮೇಲಿನ ಅಚ್ಚಿಗೆ ತಾಗಿಸಬೇಡಿ. ಬೇಗ ಬೆಂಕಿ ಹಿಡಿಯುವ ದ್ರವವಾದ್ದರಿಂದ ಸೋಪುನೀರಿನಿಂದ ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ಒಲೆ ಹಚ್ಚಬೇಡಿ. ಪೆಟ್ರೋಲ್, ಥಿನ್ನರ್ ಅಡುಗೆಮನೆಗೆ ಬರಲೇಬಾರದು.

ಕೊನೆಯ ಮಬ್ಬು ಕಲೆಗೆ ಎರಡು ಚಮಚ ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಸೇರಿಸಿ ಗಟ್ಟಿಯಾಗಿ ಕಲಸಿ ಹಚ್ಚಿ, 10 ನಿಮಿಷ ಬಿಟ್ಟು ಒದ್ದೆ ಬಟ್ಟೆಯಲ್ಲಿ ಉಜ್ಜಿ.

ಬರ್ನರಿನ ತೂತುಗಳಲ್ಲಿ ಪ್ಲಾಸ್ಟಿಕ್ ಕೂತಿದ್ದರೆ ಮೇಲಿನ ಮುಚ್ಚಳ ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಒಂದೊಂದನ್ನೇ ಪಿನ್ನಿನಿಂದ ಬಿಡಿಸಿ, ಚೆನ್ನಾಗಿ ಒಣಗಿಸಿ ಹಾಕಿ. ಉರಿ ಸುತ್ತಲೂ ನೀಲಿಯಾಗಿ, ಸಮವಾಗಿ ಬರಬೇಕು. ಒಂದು ಕಡೆ ಹಳದಿಯಾದರೆ ಅಥವಾ ಉರಿ ಜಿಗಿದರೆ ಆರಿಸಿ ಮತ್ತೆ ಬಿಡಿಸಿ. ಕೆಳಗಿನ ಜೆಟ್ಟಿಗೆ, ಅಂದರೆ ಗ್ಯಾಸ್ ಹೊರಬರುವ ಸಣ್ಣ ತೂತಿಗೆ, ಮಾತ್ರ ಪಿನ್ ಹಾಕಬೇಡಿ. ಆ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಗ್ಯಾಸ್ ಹೆಚ್ಚಾಗಿ ಬಂದು ಪಾತ್ರೆಗೆ ಮಸಿ ಹಿಡಿಯುತ್ತದೆ. ಜೆಟ್ ಕಟ್ಟಿದ್ದರೆ ಒಲೆ ರಿಪೇರಿಯವರನ್ನು ಕರೆದು ಬದಲಾಯಿಸಿ.