ಮಲೆನಾಡಿನ ಮನೆಯಿಂದ ಆನ್‌ಲೈನ್ ಫೋಟೋಗ್ರಫಿ ಕ್ಲಾಸು: ಶುರುವಿನ ತಯಾರಿ

ಆನ್‌ಲೈನ್ ಕ್ಲಾಸಿನ ಮೇಷ್ಟ್ರು ನಿಮ್ಮ ಪಕ್ಕದಲ್ಲಿ ನಿಂತಿರುವುದಿಲ್ಲ. ಅವರ ಕೈಗೆ ಸಿಗುವುದು ನೀವು ಕಳಿಸಿದ ಫೈಲು ಮಾತ್ರ. ಶಟರ್ (ಬೆಳಕು ಒಳಬರುವ ಹೊತ್ತು), ಅಪರ್ಚರ್ (ಲೆನ್ಸಿನ ಕಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಎಷ್ಟಿತ್ತು ಎಂಬ ಎಕ್ಸಿಫ್ ಮಾಹಿತಿ ಅದರೊಳಗೇ ಇರುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದರೆ ಚಿತ್ರವೂ ಕುಗ್ಗುತ್ತದೆ, ಈ ಮಾಹಿತಿಯೂ ಅಳಿಸಿಹೋಗುತ್ತದೆ. ಫೋಟೋ ಯಾಕೆ ಅಲುಗಿತು ಎಂದು ಕೇಳಿದರೆ ಮೇಷ್ಟ್ರು ಊಹೆಯ ಮೇಲೆ ಉತ್ತರಿಸಬೇಕಾಗುತ್ತದೆ. ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ನೆಟ್‌ವರ್ಕ್ ಒಂದೇ ಗೆರೆ ತೋರಿಸುವ ಊರಾದರೆ ಉದ್ದದ ಬದಿಯನ್ನು 2048 ಪಿಕ್ಸೆಲ್‌ಗೆ, ಜೆಪೆಗ್ ಗುಣಮಟ್ಟವನ್ನು 80ಕ್ಕೆ ಇಳಿಸಿ. 8 ಎಂಬಿ ಫೈಲು ಹೆಚ್ಚೂಕಡಿಮೆ 1 ಎಂಬಿಗೆ ಬರುತ್ತದೆ. ಉಳಿಸುವಾಗ ಮೆಟಾಡೇಟಾ (ಅಂದರೆ ಈ ಎಕ್ಸಿಫ್ ಮಾಹಿತಿ) ತೆಗೆದುಹಾಕುವ ಆಯ್ಕೆ ಆಫ್ ಇರಲಿ.

ಫೀಸು ಕಟ್ಟುವ ಮೊದಲು ಎರಡು ಮಾತು ಕೇಳಿಕೊಳ್ಳಿ. ರೆಕಾರ್ಡಿಂಗ್ ಎಷ್ಟು ದಿನ ಸಿಗುತ್ತದೆ? ಆಷಾಢದ ಮಳೆಗೆ ಕರೆಂಟು ಎರಡು ದಿನ ಬಾರದಿದ್ದರೆ ಅದೇ ಗತಿ. ಪ್ರತಿಯೊಬ್ಬರ ಫೋಟೋವನ್ನೂ ನೋಡಿ ತಪ್ಪು ಹೇಳುತ್ತಾರೆಯೇ? ಇಲ್ಲವೆಂದರೆ ಅಂಥ ಕ್ಲಾಸಿಗೆ ದುಡ್ಡು ಕೊಡುವ ಅಗತ್ಯವಿಲ್ಲ.

18-55 ಎಂಎಂ ಲೆನ್ಸಿನ ಹಳೆಯ ಕ್ಯಾಮೆರಾ ಧಾರಾಳ ಸಾಕು. ಪ್ರೊ ಮೋಡ್ (ಸೆಟ್ಟಿಂಗುಗಳನ್ನು ನಾವೇ ಬದಲಿಸುವ ಆಯ್ಕೆ) ಇರುವ ಫೋನಿನಲ್ಲೂ ಶಟರ್, ಐಎಸ್‌ಒ ಕಲಿಯಬಹುದು. ಆದರೆ ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗದು, ಆ ಪಾಠ ಮಾತ್ರ ಬಾಕಿ ಉಳಿಯುತ್ತದೆ.

ಮೊದಲ ಅಭ್ಯಾಸಕ್ಕೆ ಜಗಲಿ ಬಿಟ್ಟು ಇಳಿಯಬೇಕಾಗಿಲ್ಲ. ಹಂಚಿನ ಸೂರಿನಿಂದ ಬೀಳುವ ಮಳೆನೀರೇ ವಸ್ತು. ಡಯಲನ್ನು ಶಟರ್ ಮೋಡಿಗೆ ತಿರುಗಿಸಿ: ನಿಕಾನ್, ಸೋನಿಯಲ್ಲಿ ‘ಎಸ್’, ಕ್ಯಾನನ್‌ನಲ್ಲಿ ‘ಟಿವಿ’. ಸೆಕೆಂಡಿನ 1/1000 ಭಾಗದಲ್ಲಿ ಹನಿಗಳು ಮಣಿಗಳಂತೆ ನಿಲ್ಲುತ್ತವೆ. ಮೋಡದ ಬೆಳಕಿನಲ್ಲಿ ಇದಕ್ಕೆ ಐಎಸ್‌ಒ 1600ರಿಂದ 3200 ಬೇಕಾದೀತು, ನೆರಳಿನ ಭಾಗ ಕಾಳುಕಾಳಾಗಿ ಕಾಣುತ್ತದೆ. 1/60ರಲ್ಲಿ ಹನಿ ಎಳೆಯಾಗುತ್ತದೆ. 1/4ಕ್ಕೆ ಐಎಸ್‌ಒ 100 ಇಟ್ಟು ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಕೂರಿಸಿ, 2 ಸೆಕೆಂಡಿನ ಟೈಮರ್ ಹಾಕಿ. ಬೆರಳಿನಿಂದ ಒತ್ತಿದರೆ ಆ ಅಲುಗಾಟವೇ ಚಿತ್ರ ಕೆಡಿಸುತ್ತದೆ. ಶಟರ್, ಅಪರ್ಚರ್, ಐಎಸ್‌ಒಗಳಲ್ಲಿ ಒಂದನ್ನು ಎಳೆದರೆ ಇನ್ನೊಂದು ಯಾಕೆ ಸರಿಯುತ್ತದೆ ಎಂಬುದು ಈ ಮೂರು ಫೋಟೋದಲ್ಲಿ ಕಣ್ಣಿಗೇ ಕಾಣುತ್ತದೆ.

ಕೈಯಲ್ಲಿ ಹಿಡಿದು ತೆಗೆಯುವಾಗ 55 ಎಂಎಂಗೆ ಶಟರ್ 1/100ಕ್ಕಿಂತ ಇಳಿಯದಿರಲಿ. ಅಡಿಕೆ ತೋಟದೊಳಗೆ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುತ್ತದೆ. ಆಟೋದಲ್ಲಿ ಬಿಟ್ಟರೆ ಶಟರ್ ಸದ್ದಿಲ್ಲದೆ 1/15ಕ್ಕೆ ಜಾರಿರುತ್ತದೆ.

ಇನ್ನು ಮಲೆನಾಡಿನವರು ಮೊದಲೇ ಕಲಿಯಬೇಕಾದ್ದು ಫೋಟೋದ ಬೆಳಕು ಏರಿಸುವ, ಇಳಿಸುವ ಪ್ಲಸ್-ಮೈನಸ್ ಗುಂಡಿ. ಕ್ಯಾಮೆರಾದೊಳಗಿನ ಬೆಳಕಳೆಯುವ ಮೀಟರು ಎದುರಿಗಿದ್ದದ್ದನ್ನೆಲ್ಲ ನಡುವಿನ ಬೂದುಬಣ್ಣವೆಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಆಗುಂಬೆಯ ಮಂಜು ಕೊಳೆ ಬಟ್ಟೆಯಂತೆ ಬರುತ್ತದೆ, +1 ಕೊಡಿ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆ ಚೌಕಟ್ಟು ತುಂಬಿ ನಿಂತರೆ ಕರಿಮೈ ಬಿಳಚಿಕೊಳ್ಳುತ್ತದೆ, −0.7. ಮಳೆಗಾಲದಲ್ಲಿ ಮಂಡಗದ್ದೆಯ ತುಂಗೆಯ ನಡುಗಡ್ಡೆಯಲ್ಲಿ ಗೂಡುಕಟ್ಟುವ ಬೆಳ್ಳಕ್ಕಿಗಳದ್ದು ಇನ್ನೂ ಕಷ್ಟ. ಸುತ್ತಲಿನ ಕಡುಹಸಿರನ್ನು ನೋಡಿ ಮೀಟರು ಬೆಳಕು ಏರಿಸುತ್ತದೆ, ಹಕ್ಕಿಯ ಗರಿಗಳು ಸುಣ್ಣ ಬಳಿದಂತಾಗುತ್ತವೆ. ಅಲ್ಲಿ −1ರಿಂದ ಶುರುಮಾಡಿ, ಹಿಸ್ಟೋಗ್ರಾಮಿನ (ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿ ಗೋಡೆಗೆ ಅಂಟಿದೆಯೇ ನೋಡಿ. ಸುಟ್ಟುಹೋದ ಬಿಳಿಯನ್ನು ಆಮೇಲೆ ಯಾವ ಆ್ಯಪ್ ಕೂಡ ಮರಳಿ ತರಲಾರದು.

ಲೆನ್ಸಿಗೆ ಬೂಷ್ಟು ಹಿಡಿಯುವುದು ಇಲ್ಲಿಯ ದೊಡ್ಡ ಶತ್ರು. ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲಿ ಇಡಲೇಬೇಡಿ, ಬಟ್ಟೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರು ಇದ್ದರೆ ಸಾಕು. ಮುಳ್ಳು 40ರಿಂದ 50 ಶೇಕಡಾ ಒಳಗಿರಲಿ. 60 ದಾಟಿದರೆ ಜೆಲ್ ಬಿಸಿಮಾಡಿ ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಅಡುಗೆಯ ಬಾಣಲೆ ಇದಕ್ಕೆ ಬೇಡ: ನೀಲಿ ಜೆಲ್‌ನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ.